ಎರಡೂ ಕೈ ನೆಟ್ಟಗಿರಬೇಕೆಂಬ ನಿಯಮ

ನಮ್ಮ ದೇಶದ ವೈದ್ಯಕೀಯ ಶಿಕ್ಷಣದ ನಿಯಮಾವಳಿಗೆ 2019ರಲ್ಲಿ ಒಂದು ಷರತ್ತು ಸೇರಿಕೊಂಡಿತು. ಅಂಗವೈಕಲ್ಯವಿರುವ ವಿದ್ಯಾರ್ಥಿ ಎಂಬಿಬಿಎಸ್ ಓದಬೇಕಾದರೆ ಎರಡೂ ಕೈಗಳು ಊನವಿಲ್ಲದೆ ಇರಬೇಕು, ಅವುಗಳಲ್ಲಿ ಸ್ಪರ್ಶಜ್ಞಾನ ಪೂರ್ತಿಯಾಗಿರಬೇಕು, ಸಾಕಷ್ಟು ಬಲವೂ ಚಲನೆಯೂ ಇರಬೇಕು ಎಂದು ಅದು ಹೇಳಿತು. ನೀಟ್‌ನಲ್ಲಿ ಎಂಥ ರ‍್ಯಾಂಕ್ ಬಂದಿದ್ದರೂ, ವೈದ್ಯಕೀಯ ಮಂಡಳಿಯ ಮುಂದೆ ಕೈ ಚಾಚಿದಾಗ ಎರಡು ಬೆರಳು ಕಡಿಮೆಯಿದ್ದರೆ ಸೀಟು ಕೈಬಿಟ್ಟು ಹೋಯಿತೆಂದೇ ಲೆಕ್ಕವಾಗಿತ್ತು.

ಮೊದಲ ಓದಿಗೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ನಾಡಿ ಹಿಡಿಯುವುದು, ಹೊಟ್ಟೆ ಒತ್ತಿ ಈಲಿ ಊದಿದೆಯೇ ಎಂದು ನೋಡುವುದು, ಹೊಲಿಗೆ ಹಾಕುವುದು ಎಲ್ಲವೂ ಕೈಯ ಕೆಲಸವೇ. ಒಳ್ಳೆಯ ಡಾಕ್ಟರನ್ನು ಊರಿನ ಜನ ಹೊಗಳುವುದೂ ಕೈಗುಣದ ಮಾತೆತ್ತಿಯೇ. ಆದರೆ ಕಾನೂನಿನ ಭಾಷೆಯಲ್ಲಿರುವ ಈ ಷರತ್ತಿನ ಒಳಗೆ ಒಂದು ವೈಜ್ಞಾನಿಕ ಹೇಳಿಕೆ ಅಡಗಿದೆ. ಕೈಯ ಆಕಾರ ನೋಡಿ ಅದು ಮಾಡಬಲ್ಲ ಕೆಲಸವನ್ನು ಹೇಳಿಬಿಡಬಹುದು ಎಂಬುದೇ ಆ ಹೇಳಿಕೆ. ವೈಜ್ಞಾನಿಕ ಹೇಳಿಕೆಯೆಂದ ಮೇಲೆ ಅದನ್ನು ಒರೆಗೆ ಹಚ್ಚಲೇಬೇಕು. ಈ ಅಧ್ಯಾಯದಲ್ಲಿ ಮಾಡಹೊರಟಿರುವುದು ಅದನ್ನೇ.

ಅಂಗೈ ಮತ್ತು ಬೆರಳುಗಳ ಒಳಬದಿಯ ರೋಮವಿಲ್ಲದ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಸುಮಾರು 17,000 ನರತಂತುಗಳು ಬಂದು ಕೊನೆಗೊಳ್ಳುತ್ತವೆ. ಇವುಗಳಲ್ಲಿ ನಾಲ್ಕು ಬಗೆ. ಮರ್ಕೆಲ್ ಎಂಬ ಗ್ರಾಹಕಗಳು ಅಂಚು, ಚುಕ್ಕಿ, ಉಬ್ಬುಗಳನ್ನು ಹಿಡಿಯುತ್ತವೆ. ಕೈಯಲ್ಲಿರುವ ಲೋಟ ಜಾರತೊಡಗಿದ್ದನ್ನು ಮೊದಲು ತಿಳಿಸುವವು ಮೈಸ್ನರ್ ಗ್ರಾಹಕಗಳು. ಪಾಸೀನಿಯನ್ ಗ್ರಾಹಕಗಳಿಗೆ ಕಂಪನ ಗೊತ್ತಾದರೆ, ರಫಿನಿ ಗ್ರಾಹಕಗಳಿಗೆ ಚರ್ಮದ ಎಳೆತ ಗೊತ್ತಾಗುತ್ತದೆ. ಇವೆಲ್ಲ ಕೂಡಿ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತವೆ ಎಂಬುದನ್ನು ಸ್ಟಾಕ್‌ಹೋಮ್‌ನ ಸಂಶೋಧಕರು 2013ರಲ್ಲಿ ಅಳೆದರು. ಸಪಾಟಾದ ಮೇಲ್ಮೈಗೂ ಬರೀ 13 ನ್ಯಾನೋಮೀಟರ್ ಎತ್ತರದ ಸುಕ್ಕುಗಳಿರುವ ಮೇಲ್ಮೈಗೂ ಇರುವ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತಿತ್ತು. ತಲೆಗೂದಲಿನ ದಪ್ಪವನ್ನು ಹಲವು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟಾದೀತೋ ಅಷ್ಟು ಸಣ್ಣ ಏರುಪೇರು ಅದು. ಬೆರಳು ಸುಮ್ಮನೆ ಒತ್ತಿಕೊಂಡು ಕೂತರೆ ಇದು ಸಾಧ್ಯವಿಲ್ಲ, ಮೇಲ್ಮೈಯ ಮೇಲೆ ಸರಿದಾಡಬೇಕು. ಸ್ಪರ್ಶವೆಂಬುದು ಹುಡುಕಾಟ.

ಹಾಗೆ ಹುಡುಕಿದ್ದನ್ನು ಅರ್ಥ ಮಾಡಿಕೊಳ್ಳುವುದು ಮಿದುಳು. ಹುಟ್ಟಿನಿಂದ ಅಥವಾ ಎಳವೆಯಿಂದ ಕಣ್ಣಿಲ್ಲದವರು ಬ್ರೈಲ್ ಓದುವಾಗ ಅವರ ಮಿದುಳಿನ ಹಿಂಬದಿಯ ದೃಷ್ಟಿಭಾಗ ಚುರುಕಾಗುವುದನ್ನು 1996ರಲ್ಲಿ ವಿಜ್ಞಾನಿಗಳು ಸ್ಕ್ಯಾನ್‌ನಲ್ಲಿ ಕಂಡರು. ಅದೇನೋ ಕಾಕತಾಳೀಯ ಎಂದು ಅನುಮಾನಿಸಿದವರಿಗೆ 2000ದಲ್ಲಿ ಪ್ರಕಟವಾದ ಒಂದು ಪ್ರಕರಣ ಉತ್ತರ ಕೊಟ್ಟಿತು. ಹುಟ್ಟಿನಿಂದಲೇ ಅಂಧರಾಗಿದ್ದು, ಬ್ರೈಲ್‌ನಲ್ಲಿ ಸರಾಗವಾಗಿ ಓದುತ್ತಿದ್ದ ಮಹಿಳೆಯೊಬ್ಬರಿಗೆ ಪಾರ್ಶ್ವವಾಯು ಬಡಿದು ಮಿದುಳಿನ ಎರಡೂ ಬದಿಯ ದೃಷ್ಟಿಭಾಗಕ್ಕೆ ಹಾನಿಯಾಯಿತು. ಆಮೇಲೆಯೂ ಚುಕ್ಕಿಗಳು ಬೆರಳಿಗೆ ಸಿಗುತ್ತಿದ್ದವು, ಒರಟು ನಯ ತಿಳಿಯುತ್ತಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ.

ದೇವರು ಒಂದನ್ನು ಕಿತ್ತುಕೊಂಡರೆ ಇನ್ನೊಂದನ್ನು ಕೊಟ್ಟಿರುತ್ತಾನೆ ಎಂದು ನಮ್ಮಲ್ಲಿ ಹೇಳುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ನಾನು ಅದನ್ನು ಒಪ್ಪಲಾರೆ. ಆ ಮಾತು ಮನುಷ್ಯರ ವರ್ಷಗಟ್ಟಲೆ ದುಡಿಮೆಯನ್ನು ವರವೆಂದು ಕರೆದುಬಿಡುತ್ತದೆ. ಕೆನಡಾದ ಸಂಶೋಧಕರು 2011ರಲ್ಲಿ ಅಂಧರ ಮತ್ತು ಕಣ್ಣಿರುವವರ ಬೆರಳು, ತುಟಿ ಎರಡರ ಸ್ಪರ್ಶವನ್ನೂ ಹೋಲಿಸಿದರು. ಬೆರಳಿನಲ್ಲಿ ಅಂಧರು ಮುಂದಿದ್ದರು. ತುಟಿಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಕಣ್ಣಿಲ್ಲದ್ದಕ್ಕೆ ಪ್ರತಿಯಾಗಿ ಸಿಕ್ಕಿದ ಶಕ್ತಿಯಾಗಿದ್ದರೆ ಅದು ಮೈಯೆಲ್ಲ ಹರಡಿರಬೇಕಿತ್ತು. ದಿನವೂ ಓದಿದ ಬೆರಳು ಪಳಗಿತ್ತು, ಓದದ ತುಟಿ ಪಳಗಿರಲಿಲ್ಲ, ಅಷ್ಟೇ.

ಪಳಗಿದ ಕೈ ವಿಜ್ಞಾನದಲ್ಲಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಗೀರಾಟ್ ವರ್ಮೈ ಎಂಬ ಜೀವವಿಜ್ಞಾನಿಯ ಬದುಕನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1946ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಅವರು ಗ್ಲಾಕೋಮಾದಿಂದಾಗಿ ಮೂರು ವರ್ಷದ ಹೊತ್ತಿಗೆ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡರು. ಮುಂದೆ ಕುಟುಂಬ ಅಮೆರಿಕದ ನ್ಯೂಜೆರ್ಸಿಗೆ ಬಂತು. ಅಲ್ಲಿನ ಶಾಲೆಯ ಶಿಕ್ಷಕಿಯೊಬ್ಬರು ಫ್ಲಾರಿಡಾದಿಂದ ತಂದ ಚಿಪ್ಪುಗಳನ್ನು ತರಗತಿಯ ಕಿಟಕಿಯಲ್ಲಿ ಇಟ್ಟಿದ್ದರು. ಹುಡುಗ ಮುಟ್ಟಿ ನೋಡಿದ. ತನ್ನೂರಿನ ತಣ್ಣನೆಯ ಕಡಲಲ್ಲಿ ಸಿಗುತ್ತಿದ್ದ ಚಿಪ್ಪುಗಳು ಸುಣ್ಣದಂತೆ ಒರಟಾಗಿ, ಸಾದಾ ಆಗಿ ಇದ್ದವು. ಬಿಸಿ ಕಡಲಿನ ಈ ಚಿಪ್ಪುಗಳಲ್ಲೋ ಮುಳ್ಳು, ಗೆರೆ, ಗಂಟು. ಒಳಗೆ ಕೈಯಾಡಿಸಿದರೆ ಹೊಳಪು ಕೊಟ್ಟ ಹಾಗೆ ನುಣುಪು. ಯಾಕೆ ಹೀಗೆ? ಈ ಒಂದು ಪ್ರಶ್ನೆಗೆ ಅವರು ಆಯುಷ್ಯವನ್ನೇ ಕೊಟ್ಟರು.

ಯೇಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸಂದರ್ಶನ ನಡೆದಾಗ ಕಣ್ಣಿಲ್ಲದವರು ಜೀವವಿಜ್ಞಾನದಲ್ಲಿ ಏನು ಮಾಡಿಯಾರು ಎಂಬ ಸಂಶಯ ಎದುರಿಗಿದ್ದವರಿಗೆ ಸಹಜವಾಗಿಯೇ ಇತ್ತು. ಅವರನ್ನು ಚಿಪ್ಪುಗಳ ಸಂಗ್ರಹಾಲಯಕ್ಕೆ ಕರೆದೊಯ್ದು ಕೈಗೊಂದು ಚಿಪ್ಪು ಕೊಟ್ಟರು. ಅವರು ಬೆರಳಾಡಿಸಿ ಹಾರ್ಪಾ ಎಂದರು. ಇನ್ನೊಂದು ಕೊಟ್ಟರೆ ಓಲಿವಾ ಎಂದರು. ಎರಡೂ ಸರಿ. ಸಂಶಯ ಅಲ್ಲಿಗೆ ಮುಗಿಯಿತೆಂದು ವರ್ಮೈ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಜಾಣ್ಮೆಗಿಂತ ಹೆಚ್ಚಾಗಿ ಸಂದರ್ಶಕರು ಆರಿಸಿಕೊಂಡ ಪರೀಕ್ಷೆ. ನಿಮಗೆ ಕಣ್ಣು ಎಷ್ಟು ಕಾಣುತ್ತದೆ ಎಂದು ಕೇಳಿ ಅವರು ಕಡತ ಮುಚ್ಚಿಬಿಡಬಹುದಿತ್ತು. ಅದರ ಬದಲು, ಮುಂದೆ ಆ ಕೆಲಸದಲ್ಲಿ ನಿಜವಾಗಿ ಬೇಕಾಗುವ ವಸ್ತುವನ್ನೇ ಕೈಗೆ ಕೊಟ್ಟರು.

1970ರ ಸುಮಾರಿಗೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ವರ್ಮೈ ಕೈಗೆ ಒಡೆದ ಕವಡೆಗಳು ಸಿಕ್ಕವು. ಒಡೆದದ್ದು ಬಲವಾದ ಇಕ್ಕುಳವುಳ್ಳ ಒಂದು ಏಡಿ. ಮುರಿದ ಚಿಪ್ಪನ್ನು ಸಂಗ್ರಹಕಾರರು ಸಾಮಾನ್ಯವಾಗಿ ಎಸೆಯುತ್ತಾರೆ, ಅಂದಗೆಟ್ಟದ್ದು ಯಾರಿಗೆ ಬೇಕು? ಬೆರಳಿನಿಂದ ನೋಡುವವರಿಗೆ ಮಾತ್ರ ಬಿರುಕು, ಗಾಯ, ಗಾಯದ ಮೇಲೆ ಮತ್ತೆ ಬೆಳೆದ ಏಣು ಎಲ್ಲವೂ ಅರ್ಥವಿರುವ ಗುರುತುಗಳು. ಗಾಯ ಮಾಗಿದ ಚಿಪ್ಪು ಎಂದರೆ ಏಡಿ ಹಿಡಿದೂ ಸೋತ ಸಂದರ್ಭ. ಒಳಗಿನ ಹುಳು ಬದುಕಿ ಮನೆಯನ್ನು ರಿಪೇರಿ ಮಾಡಿಕೊಂಡಿದೆ. ಪಳೆಯುಳಿಕೆ ಚಿಪ್ಪುಗಳಲ್ಲೂ ಇಂಥ ಗಾಯಗಳಿರುತ್ತವೆ. ಹಾಗಾದರೆ ಕೋಟ್ಯಂತರ ವರ್ಷಗಳ ಹಿಂದಿನ ಬೇಟೆಯ ಲೆಕ್ಕವನ್ನೂ ಇಡಬಹುದು. ಬೇಟೆಗಾರ ಪ್ರಾಣಿಗಳು ಬಲಿಷ್ಠವಾದಂತೆ ಚಿಪ್ಪುಗಳು ದಪ್ಪವಾದವು, ಬಾಯಿ ಕಿರಿದಾಯಿತು, ಮುಳ್ಳುಗಳು ಮೂಡಿದವು. ಬಿಸಿ ಕಡಲಿನಲ್ಲಿ ಈ ಪೈಪೋಟಿ ಹೆಚ್ಚು ತೀವ್ರ. 1977ರಲ್ಲಿ ಅವರು ಮಧ್ಯಜೀವಿ ಯುಗದ ಕಡಲಿನಲ್ಲಾದ ಈ ದೊಡ್ಡ ಪಲ್ಲಟದ ಬಗ್ಗೆ ಬರೆದ ಪ್ರಬಂಧ ಇಂದಿಗೂ ಪಳೆಯುಳಿಕೆ ವಿಜ್ಞಾನದ ಪಾಠಗಳಲ್ಲಿದೆ. ನ್ಯೂಜೆರ್ಸಿಯ ತರಗತಿಯಲ್ಲಿ ಹುಟ್ಟಿದ ಪ್ರಶ್ನೆಗೆ ಬೆರಳ ತುದಿಯಲ್ಲೇ ಉತ್ತರ ಸಿಕ್ಕಿತ್ತು.

ಆಸ್ಪತ್ರೆಯಲ್ಲೂ ಇಂಥ ಕೈಗಳಿಗೆ ಕೆಲಸವಿದೆ. ಜರ್ಮನಿಯ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್‌ಮನ್ ಅವರಿಗೆ ಸ್ತನ ಪರೀಕ್ಷೆಗೆ ತಮಗೆ ಸಿಗುತ್ತಿದ್ದ ಕೆಲವೇ ನಿಮಿಷ ಸಾಲದೆಂಬ ಕೊರಗಿತ್ತು. ಬ್ರೈಲ್ ಓದುವ ಮಹಿಳೆಯರಿಗೆ ಈ ಪರೀಕ್ಷೆಯನ್ನು ಶಾಸ್ತ್ರೀಯವಾಗಿ ಕಲಿಸಿದರೆ ಹೇಗೆ ಎಂದು ಅವರು ಯೋಚಿಸಿದರು. ತರಬೇತಿ ಒಂಬತ್ತು ತಿಂಗಳು. ಮುಟ್ಟಿದರೆ ತಿಳಿಯುವ ಗುರುತುಗಳಿರುವ ಅಂಟುಪಟ್ಟಿಗಳನ್ನು ಎದೆಯ ಮೇಲೆ ಹಚ್ಚಿ, ಆ ಜಾಗವನ್ನು ನಕ್ಷೆಯ ಚೌಕಗಳ ಹಾಗೆ ವಿಂಗಡಿಸಿ, ಒಂದೊಂದು ಸೆಂಟಿಮೀಟರನ್ನೂ ಬಿಡದೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವರು ಪರೀಕ್ಷಿಸುತ್ತಾರೆ. ಗಂಟು ಸಿಕ್ಕರೆ ಯಾವ ಚೌಕ, ಎಷ್ಟು ಆಳ ಎಂದು ವೈದ್ಯರಿಗೆ ವರದಿ ಮಾಡುತ್ತಾರೆ. ಮ್ಯಾಮೋಗ್ರಾಮ್ ಬೇಡವೆಂದು ಇದರರ್ಥವಲ್ಲ, ಅದರ ಜೊತೆಗೆ ಇದು. ದೆಹಲಿಯಲ್ಲಿ ಅಂಧರ ರಾಷ್ಟ್ರೀಯ ಸಂಘದ ಮಹಿಳಾ ಕೇಂದ್ರ ಈ ತರಬೇತಿ ಆರಂಭಿಸಿತು; ಬೆಂಗಳೂರಿನ ಆಸ್ಪತ್ರೆಯಲ್ಲೂ ಇಂಥ ಪರೀಕ್ಷಕಿಯರು ಕೆಲಸ ಮಾಡಿದ್ದಾರೆ. ಗಂಡು ಡಾಕ್ಟರ ಮುಂದೆ ಬಟ್ಟೆ ಸಡಿಲಿಸಲು ಹಿಂಜರಿದು ತಿಂಗಳುಗಟ್ಟಲೆ ಗಂಟನ್ನು ಮುಚ್ಚಿಟ್ಟುಕೊಳ್ಳುವ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟಿದ್ದಾರೆಂದು ಬಲ್ಲವರಿಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಕಂಡದ್ದು ಕಣ್ಣಿಲ್ಲದವರ ಕೈ. ಕೈಯೇ ಸೋತರೆ? ಆ ಪ್ರಶ್ನೆಗೆ ವೆಲ್ಲೂರಿಗೆ ಹೋಗಬೇಕು.

ಕುಷ್ಠರೋಗಿಗಳ ಬೆರಳುಗಳು ಕೊಳೆತು ಉದುರುತ್ತವೆ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, 1940ರ ದಶಕದ ಕೊನೆಯಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಆ ಕೈಗಳನ್ನು ಗಮನವಿಟ್ಟು ನೋಡತೊಡಗಿದರು. ರೋಗಾಣು ದೇಹದ ತಂಪು ಭಾಗಗಳನ್ನು ಬಯಸುತ್ತದೆ, ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳಲ್ಲಿ ಮನೆ ಮಾಡುತ್ತದೆ. ಮೊಣಕೈ ಬಳಿಯ ಅಲ್ನಾರ್ ನರ ಸತ್ತರೆ ಅಂಗೈಯ ಸಣ್ಣ ಸ್ನಾಯುಗಳು ನಿಲ್ಲುತ್ತವೆ, ಬೆರಳುಗಳು ಮಡಚಿಕೊಂಡು ಕೈ ಹಕ್ಕಿಯ ಉಗುರಿನಂತಾಗುತ್ತದೆ. ಮಾಂಸಕ್ಕೆ ಯಾವ ದೋಷವೂ ಇಲ್ಲ. ನೋವು ತಿಳಿಯದ ಕಾರಣ ಸುಟ್ಟರೂ ಕೊಯ್ದರೂ ಗೊತ್ತಾಗದೆ, ಮಲಗಿದ್ದಾಗ ಇಲಿ ಕಚ್ಚಿದರೂ ಎಚ್ಚರವಾಗದೆ ಬೆರಳುಗಳು ಸವೆದುಹೋಗುತ್ತಿದ್ದವು. ಹಾಗಿದ್ದರೆ ಮುಂದೋಳಿನ ಬದುಕಿರುವ ಸ್ನಾಯುವಿನ ಕಂಡರವನ್ನು ಕಿತ್ತು ಬೆರಳಿಗೆ ಜೋಡಿಸಬಹುದಲ್ಲವೇ? ಬ್ರಾಂಡ್ ಜೋಡಿಸಿದರು. ವರ್ಷಗಳಿಂದ ಮುಚ್ಚಿದ್ದ ಕೈಗಳು ತೆರೆದುಕೊಂಡವು, ಅನ್ನ ಕಲಸಿ ಉಂಡವು.

ಅದೇ ಕಾಲೇಜಿನ ಯುವ ವೈದ್ಯೆ ಮೇರಿ ವರ್ಗೀಸ್, ಕೇರಳದವರು. 1954ರ ಜನವರಿಯಲ್ಲಿ ಸಹೋದ್ಯೋಗಿಗಳೊಡನೆ ಹೋಗುತ್ತಿದ್ದ ವಾಹನ ಉರುಳಿ ಅವರ ಬೆನ್ನುಹುರಿ ಘಾಸಿಗೊಂಡಿತು. ಸೊಂಟದ ಕೆಳಗೆ ಎಲ್ಲವೂ ನಿಂತುಹೋಯಿತು. ಶಸ್ತ್ರವೈದ್ಯೆಯಾಗುವ ಕನಸು ಮುಗಿಯಿತೆಂದು ಯಾರಾದರೂ ಹೇಳುತ್ತಿದ್ದರು. ಬ್ರಾಂಡ್ ಹಾಗೆ ಹೇಳಲಿಲ್ಲ, ಏಕೆಂದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಯಾರೇ ಆಗಲಿ ಕೂತುಕೊಂಡೇ ಮಾಡುತ್ತಾರೆ. ರೋಗಿಯ ಕೈಯನ್ನು ಪಕ್ಕದ ಮೇಜಿನ ಮೇಲೆ ಚಾಚಿಸಿ, ಶಸ್ತ್ರವೈದ್ಯರು ಸ್ಟೂಲಿನ ಮೇಲೆ ಕೂರುತ್ತಾರೆ. ಸ್ಟೂಲಿನ ಜಾಗಕ್ಕೆ ಗಾಲಿಕುರ್ಚಿ ಬಂದರಾಯಿತು. ಮೇರಿ ವರ್ಗೀಸ್ ಹಾಗೆಯೇ ಕೂತು ಕುಷ್ಠರೋಗಿಗಳ ಕೈಗಳನ್ನು ಬಿಡಿಸಿದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪುನಶ್ಚೇತನ ಚಿಕಿತ್ಸೆ, ನ್ಯೂಯಾರ್ಕ್‌ನಲ್ಲಿ ಅದೇ ವಿಷಯದಲ್ಲಿ ಉನ್ನತ ತರಬೇತಿ ಪಡೆದು ಮರಳಿದರು. ವೆಲ್ಲೂರಿನಲ್ಲಿ ಬೆನ್ನುಹುರಿ ಗಾಯಾಳುಗಳ ಪುನಶ್ಚೇತನ ಕೇಂದ್ರ 1966ರಲ್ಲಿ ಆರಂಭವಾದದ್ದು ಅವರ ಮುಂದಾಳತ್ವದಲ್ಲಿ. 1972ರಲ್ಲಿ ಪದ್ಮಶ್ರೀ ಬಂತು.

ಮುಂಬೈಯ ಸುರೇಶ್ ಅಡ್ವಾಣಿ ಅವರದು ಇದೇ ಸಾಲಿಗೆ ಸೇರುವ ಬದುಕು. ಎಂಟನೇ ವಯಸ್ಸಿನಲ್ಲಿ ಪೋಲಿಯೊ, ಅಂದಿನಿಂದ ಗಾಲಿಕುರ್ಚಿ. ವೈದ್ಯಕೀಯ ಕಾಲೇಜು ಮೊದಲು ಪ್ರವೇಶ ನಿರಾಕರಿಸಿತ್ತು. ಹಟ ಹಿಡಿದು ಸೇರಿದರು. ಭಾರತದ ಮೊದಲ ಯಶಸ್ವಿ ಅಸ್ಥಿಮಜ್ಜೆ ಕಸಿ 1983ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆದದ್ದು ಅವರಿಂದ.

ಇವರಿಬ್ಬರನ್ನೂ ಅಪವಾದವೆಂದು ಬದಿಗಿಡುವುದು ಸುಲಭ. ಅದಕ್ಕೇ ಅಪವಾದಗಳನ್ನು ಬಿಟ್ಟು ನಿಯಮದ ಲೆಕ್ಕವನ್ನೇ ನೋಡೋಣ. ನಮ್ಮಲ್ಲಿ ಅಂಗವೈಕಲ್ಯವನ್ನು ಶೇಕಡದಲ್ಲಿ ಅಳೆಯುತ್ತಾರೆ. ಎರಡು ಊನಗಳಿದ್ದರೆ ಸುಮ್ಮನೆ ಕೂಡಿಸುವುದಿಲ್ಲ. 90ರಿಂದ ದೊಡ್ಡ ಅಂಕಿಯನ್ನು ಕಳೆದು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಅದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಕೈಕಾಲಿನ ಊನ 50, ಮಾತಿನ ಊನ 20 ಇದ್ದರೆ ಒಟ್ಟು 70 ಆಗುವುದಿಲ್ಲ, ಸುಮಾರು 59 ಆಗುತ್ತದೆ. ಪಿಂಚಣಿ, ಬಸ್ ಪಾಸ್ ಹಂಚಲು ಇಂಥ ಒಂದು ಅಂಕಿ ಬೇಕಾದೀತು. ಆದರೆ 59 ಎಂಬ ಅಂಕಿಯೊಳಗೆ ಆ ವ್ಯಕ್ತಿ ಸ್ಟೆತಸ್ಕೋಪ್ ಹಿಡಿಯಬಲ್ಲರೇ, ಎಕ್ಸ್‌ರೇ ಓದಬಲ್ಲರೇ, ರೋಗಿಯೊಡನೆ ತಾಳ್ಮೆಯಿಂದ ಮಾತಾಡಬಲ್ಲರೇ ಎಂಬುದರ ಸುಳಿವೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ. 5 ಸೀಟುಗಳನ್ನು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವವರಿಗೆ ಮೀಸಲಿಟ್ಟಿತು. ಮೀಸಲಾತಿಯ ಬಾಗಿಲು ತೆರೆಯಲು ಬೇಕಾದ ಆ ಪ್ರಮಾಣಪತ್ರವನ್ನೇ ತೋರಿಸಿ ವೈದ್ಯಕೀಯ ಪ್ರವೇಶದಲ್ಲಿ ಬಾಗಿಲು ಮುಚ್ಚಿದ ಉದಾಹರಣೆಗಳು ನ್ಯಾಯಾಲಯದ ಮೆಟ್ಟಿಲೇರಿದವು.

ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಎರಡು ತೀರ್ಪು ಕೊಟ್ಟಿತು. ಶೇಕಡ ಎಷ್ಟೆಂಬ ಒಂದೇ ಕಾರಣಕ್ಕೆ ಅಭ್ಯರ್ಥಿಯನ್ನು ತಿರಸ್ಕರಿಸುವಂತಿಲ್ಲ. ಆ ಊನ ಓದಿಗೆ ನಿಜವಾಗಿ ಅಡ್ಡಿಯಾಗುತ್ತದೆಯೇ ಎಂಬುದನ್ನು ಮಂಡಳಿ ಪರೀಕ್ಷಿಸಬೇಕು, ಆಗುತ್ತದೆ ಎಂದರೆ ಕಾರಣ ಬರೆಯಬೇಕು ಎಂದಿತು. 2025ರ ಫೆಬ್ರವರಿ 21ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಎರಡೂ ಕೈಯ ಷರತ್ತಿಗೇ ನೇರವಾಗಿ ಬಂತು. ಅದು ಸಂವಿಧಾನದ 41ನೇ ವಿಧಿಗೂ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೂ, 2016ರ ಕಾಯ್ದೆಗೂ ವಿರುದ್ಧವಾದದ್ದು ಎಂದಿತು. ಆ ಪ್ರಕರಣದಲ್ಲಿ ಏಮ್ಸ್ ತಜ್ಞರ ಬಹುಮತ ವಿದ್ಯಾರ್ಥಿಯ ವಿರುದ್ಧವಿತ್ತು. ಸ್ವತಃ ಪೋಲಿಯೊ ಬಾಧಿತರಾದ, ಅಂಗವೈಕಲ್ಯವಿರುವ ವೈದ್ಯರ ಹಕ್ಕಿಗಾಗಿ ವರ್ಷಗಳಿಂದ ಹೋರಾಡುತ್ತಿರುವ ಡಾ. ಸತೇಂದ್ರ ಸಿಂಗ್ ಮಾತ್ರ ಒಂದೊಂದು ಕೌಶಲವನ್ನೂ ಬಿಡಿಬಿಡಿಯಾಗಿ ನೋಡಿ, ಯಾವುದಕ್ಕೆ ಯಾವ ಸಲಕರಣೆ ಸಾಕು ಎಂದು ಪ್ರತ್ಯೇಕ ವರದಿ ಬರೆದಿದ್ದರು. ನ್ಯಾಯಾಲಯ ಒಪ್ಪಿದ್ದು ಅದನ್ನು. ಯೇಲ್‌ನಲ್ಲಿ ಚಿಪ್ಪು ಕೈಗಿಟ್ಟವರು ಅನುಸರಿಸಿದ್ದೂ ಇದೇ ವಿಧಾನ.

ರೋಗಿಯ ಜೀವಕ್ಕೆ ಅಪಾಯವಾದರೆ ಎಂಬ ಪ್ರಶ್ನೆ ಉಳಿಯುತ್ತದೆ, ಅದನ್ನು ಕೇಳುವವರನ್ನು ನಾನು ಆಕ್ಷೇಪಿಸುವುದಿಲ್ಲ. ಹೃದಯ ನಿಂತ ರೋಗಿಯ ಎದೆ ಒತ್ತಲು ಎರಡು ಗಟ್ಟಿ ಕೈ ಬೇಕೇ ಬೇಕು. ಆದರೆ ಆಸ್ಪತ್ರೆಯಲ್ಲಿ ಅದು ತಂಡದ ಕೆಲಸ. ಒತ್ತುವವರು ಎರಡೆರಡು ನಿಮಿಷಕ್ಕೆ ಬದಲಾಗುತ್ತಾರೆ. ತಂಡದ ನಾಯಕರು ಕೈಹಾಕದೆ ದೂರ ನಿಂತು ಮಾನಿಟರ್ ನೋಡುತ್ತ ಯಾವ ಔಷಧ, ಯಾವಾಗ ಶಾಕ್ ಎಂದು ಹೇಳಬೇಕೆಂಬುದು ತರಬೇತಿಯಲ್ಲೇ ಇರುವ ಪಾಠ. ಮನೋವೈದ್ಯರು, ರೋಗಲಕ್ಷಣಶಾಸ್ತ್ರಜ್ಞರು, ವಿಕಿರಣತಜ್ಞರು ಓದು ಮುಗಿದ ಮೇಲೆ ಎಷ್ಟು ಬಾರಿ ಹೊಲಿಗೆ ಹಾಕುತ್ತಾರೆ? ಒಬ್ಬರೇ ಎಲ್ಲ ಕೆಲಸ ಮಾಡುವ ವೈದ್ಯರು ನಿಯಮದ ಪುಸ್ತಕದಲ್ಲಿ ಮಾತ್ರ ಇದ್ದಾರೆ.

ಅಷ್ಟಕ್ಕೂ ಇಂಥ ವೈದ್ಯರ ಅಗತ್ಯ ಯಾರಿಗಿದೆ? ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಲೋಕದ ಜನರಲ್ಲಿ ಶೇ. 16ರಷ್ಟು, ಅಂದರೆ 130 ಕೋಟಿ ಮಂದಿಗೆ ಗಣನೀಯ ಅಂಗವೈಕಲ್ಯವಿದೆ. ಅವರಲ್ಲಿ ಕೆಲವರು ಇತರರಿಗಿಂತ 20 ವರ್ಷ ಮೊದಲೇ ಸಾಯುತ್ತಾರೆ. ಕರ್ನಾಟಕದಲ್ಲಿ 2011ರ ಜನಗಣತಿ ಎಣಿಸಿದ್ದು ಅಂಗವೈಕಲ್ಯವಿರುವ 13.24 ಲಕ್ಷ ಜನರನ್ನು. ಈ ಅಕಾಲ ಸಾವುಗಳಿಗೆಲ್ಲ ಊನವೇ ಕಾರಣವಲ್ಲ. ನಿಂತವರನ್ನಷ್ಟೇ ತೂಗುವ ತಕ್ಕಡಿ, ನಿಂತವರಿಗಷ್ಟೇ ಎಟಕುವ ಮ್ಯಾಮೋಗ್ರಾಮ್ ಯಂತ್ರ, ಕಿವುಡ ರೋಗಿಯ ಬದಲು ಜೊತೆಗೆ ಬಂದವರೊಡನೆ ಮಾತಾಡುವ ವೈದ್ಯರು, ಹೀಗೆ ತಪ್ಪಿಸಬಹುದಾದ ಕಾರಣಗಳು ಅದರಲ್ಲಿ ಬಹಳ. ಯುರೋಪಿನ ಒಕ್ಕೂಟ 2004ರಲ್ಲೇ ಔಷಧದ ಪೊಟ್ಟಣದ ಮೇಲೆ ಹೆಸರು ಬ್ರೈಲ್‌ನಲ್ಲಿ ಇರಬೇಕೆಂದು ಕಾನೂನು ಮಾಡಿತು. ನಮ್ಮ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನೂ ಸಕ್ಕರೆ ಕಾಯಿಲೆಯ ಸ್ಟ್ರಿಪ್ಪನ್ನೂ ಬೆರಳಿನಿಂದ ಬೇರೆ ಮಾಡಲು ಪ್ರಯತ್ನಿಸಿದರೆ ಸಮಸ್ಯೆ ತಾನೇ ಅರ್ಥವಾಗುತ್ತದೆ.

ಶಾಲೆಯ ಕಡೆಗೂ ಒಂದು ಮಾತು. ಹತ್ತನೇ ತರಗತಿ ಮುಗಿಸಿದ ಅಂಧ ಮಕ್ಕಳನ್ನು ಕಲಾ ವಿಭಾಗಕ್ಕೆ ಕಳಿಸುವುದು ಎಷ್ಟೋ ಕಾಲದ ರೂಢಿ. ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಗೆ ಅವರು ಹೇಗೆ ಉತ್ತರಿಸಬೇಕು? ಗಣಿತವನ್ನು ಬ್ರೈಲ್‌ನಲ್ಲಿ ಬರೆಯುವ ಸಂಕೇತವನ್ನು ಸ್ವತಃ ಅಂಧರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ 1952ರಲ್ಲೇ ಕೊಟ್ಟಿದ್ದಾರೆ. ಮುಟ್ಟಿ ಓದುವ ಉಬ್ಬುಚಿತ್ರಗಳನ್ನು ದೆಹಲಿಯ ಐಐಟಿ ಸಿದ್ಧಪಡಿಸುತ್ತಿದೆ. ಬೆಂಗಳೂರಿನ ವಿಷನ್ ಎಂಪವರ್ ಸಂಸ್ಥೆ ಅಂಧ ಮಕ್ಕಳಿಗೆ ವಿಜ್ಞಾನ, ಗಣಿತ ಕಲಿಸುವ ಸಾಮಗ್ರಿ ಮಾಡಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ವಿಧಾನಗಳಿಗೆ ಕೊರತೆಯಿಲ್ಲ, ಅವು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನ ಲ್ಯಾಬ್ ತಲುಪಬೇಕಾಗಿದೆ.

ಕೊನೆಗೆ ಒಂದು ಮಂಚದ ವಿಷಯ. ರೋಗಿಯನ್ನು ಮಲಗಿಸಿ ಪರೀಕ್ಷಿಸುವ ಮಂಚ ಸಾಮಾನ್ಯವಾಗಿ ಸುಮಾರು 80 ಸೆಂ.ಮೀ. ಎತ್ತರದಲ್ಲಿ ಕದಲದೆ ನಿಂತಿರುತ್ತದೆ. ಗಾಲಿಕುರ್ಚಿಯಿಂದ ಅದರ ಮೇಲೆ ಹೋಗಲಾಗದ ರೋಗಿಯನ್ನು ಎಷ್ಟೋ ಸಲ ಕುರ್ಚಿಯಲ್ಲೇ, ಬಟ್ಟೆಯ ಮೇಲಿಂದಲೇ ಪರೀಕ್ಷಿಸಿ ಕಳಿಸುತ್ತಾರೆ. ಹೊಟ್ಟೆಯ ಗಡ್ಡೆ, ಬೆನ್ನಿನ ಹಾಸಿಗೆ ಹುಣ್ಣು ಕಣ್ತಪ್ಪುವುದು ಹೀಗೆ. ಅಮೆರಿಕದಲ್ಲಿ 2024ರಲ್ಲಿ ಬಂದ ಮಾನದಂಡದಂತೆ ಈ ಮಂಚ 17 ಇಂಚಿಗೆ, ಅಂದರೆ 43 ಸೆಂ.ಮೀ.ಗೆ ಇಳಿಯಬೇಕು. ಏರಿಸಿ ಇಳಿಸುವ ಮಂಚವಿದ್ದರೆ ಗಾಲಿಕುರ್ಚಿಯ ರೋಗಿ ತಾನೇ ಸರಿದು ಮಲಗಬಹುದು. ಗಾಲಿಕುರ್ಚಿಯ ವೈದ್ಯರು ತಮ್ಮ ಕೈಯೆತ್ತರಕ್ಕೆ ತಂದುಕೊಂಡು ಪರೀಕ್ಷಿಸಬಹುದು. ಮೊಣಕಾಲು ನೋವಿನ ಅಜ್ಜಿ, ತುಂಬು ಬಸುರಿ ಯಾರ ಆಸರೆಯೂ ಇಲ್ಲದೆ ಹತ್ತಬಹುದು. ಸಾರ್ವಜನಿಕ ಸ್ಥಳಗಳ ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಜಿಲ್ಲಾಸ್ಪತ್ರೆಯೊಂದು ಮುಂದಿನ ಸಲ ಮಂಚಗಳಿಗೆ ಟೆಂಡರ್ ಕರೆಯುವಾಗ ಎತ್ತರದ ಬಗ್ಗೆ ಒಂದು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಕಾಗಿಲ್ಲ, ಖರೀದಿ ಸಮಿತಿಯ ಒಂದು ಸಭೆ ಸಾಕು.